ಕಂಡ್ರೂ ಮಾತಾಡಿಸ್ಲಿಲ್ಲ

ಎಲ್ಲರ ಮನೇಲೂ ತಿಂಡಿ ಆಗಿರತ್ತೆ ಅಂದ್ಕೊಂಡು ಶುರು ಮಾಡ್ತೀನಿ.

ನಮ್ಮ ಹೆಂಗಸರ ದೂರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಹೇಳಿ ನೋಡೋಣ. ಒಳ್ಳೇ ಸೀರೆ ಕೊಡ್ಲಿಲ್ಲ ಅನ್ನೋದಲ್ಲ, ಊಟಕ್ಕೆ ಕರೀಲಿಲ್ಲ ಅನ್ನೋದೂ ಅಲ್ಲ. “ಎದುರಿಗೇ ಬಂದ್ಲು, ಕಂಡ್ರೂ ಮಾತಾಡಿಸ್ಲಿಲ್ಲ” ಅನ್ನೋದು. ಸೀರೆ ವಿಷಯ ಆರು ತಿಂಗಳಿಗೆ ಮರೆತುಹೋಗತ್ತೆ. ಮಾತಾಡಿಸದೇ ಹೋದದ್ದು ಇಪ್ಪತ್ತು ವರ್ಷ ಆದ್ರೂ ಹಾಗೇ ಇರತ್ತೆ.

ಈ “ಮಾತಾಡಿಸೋದು” ಅನ್ನೋ ಪದ ನೋಡಿ, ಎಷ್ಟು ಚೆನ್ನಾಗಿದೆ. ಉಣ್ಣಿಸೋದು, ಕುಡಿಸೋದು, ಮಲಗಿಸೋದು ಇದ್ದ ಹಾಗೆ ಮಾತಾಡಿಸೋದು. ಅಂದ್ರೆ ಇನ್ನೊಬ್ಬರ ಬಾಯಿಂದ ಒಂದು ಮಾತು ಹೊರಡೋ ಹಾಗೆ ಮಾಡೋದು. ನಾವು ಏನು ಅಂದ್ವಿ ಅನ್ನೋದು ಮುಖ್ಯ ಅಲ್ಲ, ಅವರು ಏನೋ ಒಂದು ಅನ್ನಬೇಕು. ನಮ್ಮ ಮನೆಮಾತಿನಲ್ಲಿ ಎಲ್ಲರಿಗೂ ಎಲ್ಲ ಹೊತ್ತಿಗೂ ಆಗೋ ಒಂದೇ ಶುಭಾಶಯದ ಪದ ಇರಲೇ ಇಲ್ಲ. ನಮಸ್ಕಾರ ಸಂಸ್ಕೃತದ್ದು, ಅದೂ ಹಿರಿಯರಿಗೆ, ಹೊಸಬರಿಗೆ, ಸಭೆಗೆ. ದಿನಾ ಕಾಣೋ ಪಕ್ಕದ ಮನೆಯವರಿಗೆ ಯಾರು ಕೈ ಮುಗಿತಾರೆ? ಅವರನ್ನ ಮಾತಾಡಿಸ್ತೀವಿ ಅಷ್ಟೇ.

ಈ ವಿಷಯ ನನ್ನ ತಲೇಲಿ ಕೂತದ್ದು ಮಗಳಿಂದ. ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ ಕೇಳಿದ್ಲು, “ಅಮ್ಮಾ, ಬೆಳಿಗ್ಗೆ ಒಬ್ಬರಿಗೆ ಹಾಯ್ ಅಂದಿರ್ತೀನಿ. ಹನ್ನೊಂದು ಗಂಟೆಗೆ ಅದೇ ಮನುಷ್ಯ ಕಾರಿಡಾರಲ್ಲಿ ಎದುರಿಗೆ ಬರ್ತಾರೆ. ಮಧ್ಯಾಹ್ನ ಲಿಫ್ಟಲ್ಲಿ, ಮೂರು ಗಂಟೆಗೆ ಕಾಫಿ ಮಿಷಿನ್ ಹತ್ರ. ಪ್ರತಿ ಸಲ ಹಾಯ್ ಅಂದ್ರೆ ಹುಚ್ಚಿ ಥರ ಕಾಣತ್ತೆ, ಅನ್ನದಿದ್ರೆ ಸೊಕ್ಕು ಅಂದ್ಕೋತಾರೆ. ಏನ್ ಮಾಡೋದು?” ಅವಳ ಜೊತೆಯವರೆಲ್ಲ ಮೊಬೈಲ್ ನೋಡಿಕೊಂಡು ದಾಟಿಬಿಡ್ತಾರಂತೆ. ಏನೂ ಬಂದಿರಲ್ಲ, ಸುಮ್ಮನೆ ಬೆರಳಾಡಿಸ್ತಾರೆ ಅಷ್ಟೇ. ಇದು ನಗೋ ವಿಷಯ ಅನ್ನಿಸಿದ್ರೂ ಇದರ ಹಿಂದೆ ಒಂದು ಚರಿತ್ರೆ ಇದೆ. ಅದನ್ನೇ ಬರೀತಿದ್ದೀನಿ.

ನಾನು ಉತ್ತರಹಳ್ಳಿಗೆ ಸೊಸೆಯಾಗಿ ಬಂದಾಗ ನಮ್ಮ ಮನೆಯಿಂದ ಸ್ವಲ್ಪ ದೂರ ನಡೆದ್ರೆ ರಾಗಿ ಹೊಲ, ಅವರೆ ಸಾಲು ಇನ್ನೂ ಇದ್ವು. ನಮ್ಮತ್ತೆ ಹಿತ್ತಲ ಬಾಗಿಲಿಂದ ಆಚೆ ಕಾಲಿಟ್ಟರೆ ಸಾಕು, ಮಾತಾಡಿಸೋದು ಶುರು. “ಏನವ್ವಾ, ನೀರಿಗೆ ಹೊಂಟ್ಯಾ?” “ಊಂ ಕಣಕ್ಕ.” “ಕಳೆ ಕೀಳ್ತಿದ್ದೀರೇನ್ರವ್ವಾ?” “ಊಂ, ನಿಮ್ದು ಆಯ್ತಾ?” ಕೊಡ ಸೊಂಟದ ಮೇಲಿದೆ, ಬಾವಿ ಕಡೆಗೇ ಹೊರಟಿದ್ದಾಳೆ, ನೀರಿಗಲ್ಲದೆ ಇನ್ನೆಲ್ಲಿಗೆ ಹೋಗ್ತಾಳೆ! ಪೇಟೆಯಲ್ಲಿ ಬೆಳೆದ ನನಗೆ ಮೊದಮೊದಲು ತಮಾಷೆ ಅನ್ನಿಸ್ತಿತ್ತು. ಕಣ್ಣಿಗೆ ಕಾಣ್ತಿರೋದನ್ನೇ ಕೇಳ್ತಾರಲ್ಲ ಅಂತ. ನಿಧಾನಕ್ಕೆ ಗೊತ್ತಾಯ್ತು, ಅದು ಪ್ರಶ್ನೆ ಅಲ್ಲ. “ನೀನು ಕೆಲಸ ಮಾಡ್ತಿರೋದು ನನಗೆ ಕಾಣ್ತಿದೆ” ಅಂತ ಹೇಳೋ ರೀತಿ.

ಇದು ನಮ್ಮ ಹಳ್ಳಿಯದೊಂದೇ ಅಲ್ಲ. ಪೋಲೆಂಡ್ ದೇಶದಲ್ಲಿ ಹುಟ್ಟಿದ ಮಲಿನೋವ್ಸ್ಕಿ ಅನ್ನೋ ವಿದ್ವಾಂಸರು ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಅಲ್ಲಿನ ಜನರ ಜೊತೆಗೇ ಇದ್ದು ಅವರ ಮಾತುಕತೆ ಗಮನಿಸಿದ್ರು. 1923ರಲ್ಲಿ ಅಚ್ಚಾದ ಬರಹದಲ್ಲಿ ಅವರು ಹೇಳಿದ್ದು ಇದೇ. ಎಲ್ಲಿಂದ ಬಂದೆ, ಹವಾ ಹೇಗಿದೆ, ಇದೆಲ್ಲ ಸುದ್ದಿ ತಿಳಿಯೋಕೆ ಆಡೋ ಮಾತಲ್ಲ, ಮನುಷ್ಯರನ್ನ ಒಬ್ಬರಿಗೊಬ್ಬರು ಕಟ್ಟಿಹಾಕೋ ಮಾತು. ಚೀನಾದವರೂ ನಮ್ಮ ಹಾಗೇ ಊಟ ಆಯ್ತಾ ಅಂತ ಕೇಳೋ ರೂಢಿ ಇಟ್ಟುಕೊಂಡಿದ್ದಾರೆ. ಜರ್ಮನಿಯ ಆಫೀಸು, ಕಾರ್ಖಾನೆಗಳಲ್ಲಿ ಮಧ್ಯಾಹ್ನದ ಹೊತ್ತು ಎದುರಾದವರಿಗೆ “ಮಾಲ್ತ್ಸೈಟ್” ಅಂತಾರೆ. ಅಂದ್ರೆ “ಊಟದ ಹೊತ್ತು” ಅಂತ. ಅಷ್ಟು ಯಂತ್ರ ಮಾಡೋ ದೇಶದವರೂ ಕೊನೆಗೆ ಊಟಕ್ಕೇ ಬಂದ್ರಲ್ಲ!

ನಮ್ಮ ಕಡೆ ಈ ಮಾತಾಡಿಸೋದಕ್ಕೂ ಕಟ್ಟುಪಾಡು ಇತ್ತು. ಬರೆದಿಟ್ಟದ್ದಲ್ಲ, ಅತ್ತೆಯಿಂದ ಸೊಸೆಗೆ ಬಂದದ್ದು. ಮೊದಲನೇದು, ಹೊರಟವರನ್ನ “ಎಲ್ಲಿಗೆ?” ಅಂತ ಕೇಳಬಾರದು, ಹೋದ ಕೆಲಸ ಆಗಲ್ಲ ಅಂತ. “ದೂರ ಹೊರಟ ಹಾಗಿದೆ?” ಅನ್ನಬೇಕು. ಹೇಳೋ ಮನಸ್ಸಿದ್ರೆ ಹೇಳ್ತಾರೆ, ಇಲ್ಲದಿದ್ರೆ “ಇಲ್ಲೇ, ಬಂದ್ಬಿಟ್ಟೆ” ಅಂತಾರೆ. ಎರಡನೇದು, ಕೈಯಲ್ಲಿ ಕೆಲಸ ಇರೋರಿಗೆ, ತಲೆ ಮೇಲೆ ಹೊರೆ ಇರೋರಿಗೆ, ಊಟಕ್ಕೆ ಕೂತವರಿಗೆ, ಪೂಜೆಗೆ ಕೂತವರಿಗೆ ನಮಸ್ಕಾರ ಮಾಡಬಾರದು. ಯಾಕೆ ಅಂದ್ರೆ ತಿರುಗಿ ಕೈ ಮುಗಿಯೋಕೆ ಅವರು ಕೆಲಸ ಬಿಡಬೇಕಾಗತ್ತೆ. ಅಂಥವರಿಗೆ ಬಾಯಿ ಮಾತೇ ಸಾಕು. ಮೂರನೇದು, ಉತ್ತರ ನಿಜ ಇರಲೇಬೇಕು ಅಂತಿಲ್ಲ. “ಊಟ ಆಯ್ತಾ?” ಅಂದ್ರೆ ಒಲೆ ಮೇಲೆ ಎಸರೇ ಇಟ್ಟಿಲ್ಲದಿದ್ರೂ “ಆಯ್ತು, ನಿಮ್ದು?” ಅಂತಾನೇ ಅನ್ನಬೇಕು. ಇಲ್ಲ ಅಂದ್ರೆ ಕೇಳಿದವರು ಊಟಕ್ಕೆ ಎಬ್ಬಿಸಿಕೊಂಡು ಹೋಗಬೇಕಾಗತ್ತೆ, ಅವರಿಗೂ ಕಷ್ಟ, ನಮಗೂ ಕಷ್ಟ.

ಇದೆಲ್ಲ ಓದಿ “ಆಹಾ, ಹಳೇ ಕಾಲ ಎಷ್ಟು ಚೆಂದ” ಅಂದ್ಕೋಬೇಡಿ. ಆ ಕಾಲದ ಇನ್ನೊಂದು ಮುಖಾನೂ ಹೇಳಬೇಕು. ಬಾವಿ ಹತ್ತಿರ ಹಾಗೆ ಮಾತಾಡಿಸ್ತಿದ್ದದ್ದು ಸರೀಕರನ್ನ. ಜಮೀನಿನವರ ಎದುರಿಗೆ ಕೂಲಿಯವರು ಬಂದಾಗ “ಅಡ್ಡಬಿದ್ದೆ ಬುದ್ಧೀ” ಅನ್ನಬೇಕಿತ್ತು. ಹೆಗಲ ಮೇಲಿನ ಟವೆಲ್ ಕೆಳಗಿಳಿಸಿ, ಕಾಲಲ್ಲಿ ಚಪ್ಪಲಿ ಇದ್ರೆ ಬಿಟ್ಟು, ಪಕ್ಕಕ್ಕೆ ಸರಿದು ನಿಲ್ಲಬೇಕಿತ್ತು. ಆ ಕಡೆಯಿಂದ “ಊಂ” ಅಂತ ಒಂದು ಸದ್ದು ಬಂದ್ರೆ ದೊಡ್ಡದು. ಅರವತ್ತು ವರ್ಷದ ಮುದುಕನನ್ನ ಹತ್ತು ವರ್ಷದ ಹುಡುಗ “ಏ, ಬಾರೋ” ಅಂತಿದ್ದ. ದಂಡು ಪ್ರದೇಶದಲ್ಲಿ ದೊರೆಗಳಿಗೆ ಸಲಾಂ ಹೊಡೆಯೋದೂ ಇದೇ ಜಾತಿಯದು. ಒಂದು ಕಡೆಯಿಂದ ಮಾತ್ರ ಹೋಗೋದು, ತಿರುಗಿ ಬರ್ತಿರಲಿಲ್ಲ. ದಾರೀಲಿ ಎದುರಾಗೋದು ಅಂದ್ರೆ ಎಷ್ಟೋ ಜನಕ್ಕೆ ಸಂಕೋಚ ಅಲ್ಲ, ಭಯ.

ಒಂದು ಕಡೆಯಿಂದ ಮಾತ್ರ ಹೋಗ್ತಿದ್ದ ಈ ಶರಣನ್ನ ಎಂಟುನೂರು ವರ್ಷದ ಹಿಂದೆಯೇ ಒಬ್ಬರು ತಿರುಗಿಸಿದ್ರು. ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತಿರತ್ತೆ, ಆದ್ರೆ ಅದನ್ನ ದಾರೀಲಿ ಎದುರಾದವರ ಕಥೆ ಅಂತ ನೋಡಿದ್ದೀರಾ? 12ನೇ ಶತಮಾನದ ಕಲ್ಯಾಣ, ಅಂದ್ರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಹರಳಯ್ಯ ಚಪ್ಪಲಿ ಹೊಲಿಯೋ ಕಾಯಕದವರು. ಬಸವಣ್ಣನವರು ಬಿಜ್ಜಳನ ಮಂತ್ರಿ. ಬೀದೀಲಿ ಎದುರಾದಾಗ ಹರಳಯ್ಯ “ಶರಣು” ಅಂದ್ರಂತೆ. ಮಂತ್ರಿಯಾದವರು “ಊಂ” ಅಂದು ಹೋಗಿದ್ರೆ ಕಥೆಯೇ ಇರ್ತಿರಲಿಲ್ಲ. ಬಸವಣ್ಣನವರು “ಶರಣು ಶರಣಾರ್ಥಿ” ಅಂದ್ರಂತೆ. ಒಂದಕ್ಕೆ ಒಂದು ಹೆಚ್ಚು. ಆ ಹೆಚ್ಚಿನ ಶರಣಿನ ಭಾರ ಹರಳಯ್ಯನವರಿಗೆ ತಡೆಯೋಕೆ ಆಗಲಿಲ್ಲ. ಮನೆಗೆ ಹೋಗಿ ಹೆಂಡತಿ ಕಲ್ಯಾಣಮ್ಮನವರ ಹತ್ತಿರ ಹೇಳಿಕೊಂಡ್ರು. ಇಬ್ಬರೂ ತಮ್ಮ ತೊಡೆಯ ಚರ್ಮದಿಂದಲೇ ಚಪ್ಪಲಿ ಮಾಡಿ ಬಸವಣ್ಣನವರಿಗೆ ಒಪ್ಪಿಸಿದ್ರು, ಬಸವಣ್ಣನವರು ಅದನ್ನ ಕಾಲಿಗೆ ಹಾಕದೆ ತಲೆ ಮೇಲೆ ಇಟ್ಟುಕೊಂಡ್ರು ಅಂತ ನಮ್ಮ ಜನ ಇವತ್ತಿಗೂ ಹೇಳ್ತಾರೆ.

ತೊಡೆಯ ಚರ್ಮ ಅನ್ನೋದು ಪವಾಡದ ಮಾತಿರಬಹುದು. ಆದ್ರೆ ತಿರುಗಿ ಬಂದ ಒಂದು ಶರಣಿಗೆ ಒಬ್ಬ ಕೆಲಸಗಾರನ ಮನೇಲಿ ಎಷ್ಟು ಬೆಲೆ ಇತ್ತು ಅನ್ನೋದು ಅದರಲ್ಲೇ ಗೊತ್ತಾಗತ್ತೆ. ಹುಟ್ಟಿದ ಲಾಗಾಯ್ತು ಯಾರೂ ತಿರುಗಿ ಹೇಳದೇ ಇದ್ದವರಿಗೆ ಮಾತ್ರ ಒಂದು ಶರಣು ಅಷ್ಟು ಭಾರ ಆಗೋಕೆ ಸಾಧ್ಯ. ಮುಂದೆ ಇದೇ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಆಗಿ, ಜಾತಿ ಮೀರಿದ್ರು ಅಂತ ಇಬ್ಬರೂ ಬೀಗರಿಗೆ ಮರಣದಂಡನೆ ಆಯ್ತು, ಕಲ್ಯಾಣ ಹೊತ್ತಿ ಉರೀತು. ಶರಣು ಅಂದದ್ದಕ್ಕೆ ಶರಣು ಅನ್ನೋದು ಅಷ್ಟು ಸಣ್ಣ ವಿಷಯ ಆಗಿರಲಿಲ್ಲ.

ಇನ್ನು ನಮ್ಮ ಬೆಂಗಳೂರಿಗೆ ಬರೋಣ. ಇಲ್ಲಿ ಮಾತಾಡಿಸೋ ರೀತಿ ಬದಲಾಯಿಸಿದ್ದು ಶಾಲೆ ಮತ್ತು ಕಾರ್ಖಾನೆ. ಇಂಗ್ಲಿಷ್ ಶಾಲೆಗಳಲ್ಲಿ ಮಕ್ಕಳು ಎದ್ದು ನಿಂತು ರಾಗವಾಗಿ “ಗುಡ್ ಮಾರ್ನಿಂಗ್ ಮಿಸ್” ಅನ್ನೋದು ಕಲಿತ್ರು. 1940ರಲ್ಲಿ ಎಚ್‌ಎಎಲ್ ಶುರುವಾಯ್ತು, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. 1941ರ ಜನಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 4 ಲಕ್ಷ, 1951ಕ್ಕೆ ಹೆಚ್ಚುಕಮ್ಮಿ 8 ಲಕ್ಷ. ಹತ್ತೇ ವರ್ಷದಲ್ಲಿ ಎರಡರಷ್ಟು! ಅಂದ್ರೆ ಬೆಳಿಗ್ಗೆ ಸೈರನ್ ಹೊಡೆದಾಗ ಒಂದೇ ಗೇಟಿನಲ್ಲಿ ಒಳಗೆ ಹೋಗ್ತಿದ್ದವರಲ್ಲಿ ಒಬ್ಬರು ಇನ್ನೊಬ್ಬರ ಊರಿನವರಲ್ಲ, ಜಾತಿಯವರಲ್ಲ, ಎಷ್ಟೋ ಸಲ ಭಾಷೆಯವರೂ ಅಲ್ಲ. ಅಣ್ಣಾ ಅನ್ನಬೇಕೋ ಬುದ್ಧಿ ಅನ್ನಬೇಕೋ ಸ್ವಾಮಿ ಅನ್ನಬೇಕೋ ಗೊತ್ತಿಲ್ಲ. ಎಲ್ಲರಿಗೂ ಒಪ್ಪೋ ಒಂದು ಮಾತು ಬೇಕಾಯ್ತು. ಗುಡ್ ಮಾರ್ನಿಂಗ್, ನಮಸ್ಕಾರ ಸಾರ್, ಹಲೋ. ಬಂದದ್ದು ಹೀಗೆ.

ಹಲೋ ಕಥೆ ಇನ್ನೂ ಸ್ವಾರಸ್ಯ. ಅದು ಇಂಗ್ಲಿಷಿನಲ್ಲೂ ಅಂಥ ಹಳೇ ಶುಭಾಶಯ ಅಲ್ಲ. 1876ರಲ್ಲಿ ಬೆಲ್ ಅವರಿಗೆ ಟೆಲಿಫೋನಿನ ಪೇಟೆಂಟ್ ಸಿಕ್ಕ ಮೇಲೆ, ಎತ್ತಿದವರು ಮೊದಲು ಏನನ್ನಬೇಕು ಅನ್ನೋ ಪ್ರಶ್ನೆ ಬಂತು. ಬೆಲ್ “ಅಹೋಯ್” ಅನ್ನಿ ಅಂದ್ರು. ಎಡಿಸನ್ 1877ರಲ್ಲಿ “ಹಲೋ” ಸಾಕು, ದೂರದವರೆಗೂ ಕೇಳಿಸತ್ತೆ ಅಂದ್ರು. ಎಡಿಸನ್ ಗೆದ್ರು. ಮುಖ ಕಾಣದವರ ಜೊತೆ ಮಾತು ಶುರು ಮಾಡೋಕೆ ಹುಟ್ಟಿದ ರೂಢಿ ಅದು. ನಮ್ಮ ದೇಶದ ಮನೆಮನೆಗೆ ಆ ಫೋನು ಮಾಡಿ ಕೊಟ್ಟದ್ದು ಬೆಂಗಳೂರಿನ ಐಟಿಐ. ಅದಕ್ಕೇ ಆ ಜಾಗಕ್ಕೆ ದೂರವಾಣಿನಗರ ಅಂತಾನೇ ಹೆಸರು. ಮುಖ ಕಾಣದವರಿಗೆ ಅಂತ ಬಂದ ಮಾತನ್ನ ಈಗ ಮುಖ ನೋಡಿಕೊಂಡೇ ಹೇಳ್ತಿದ್ದೀವಿ!

ಈ ಹೊಸ ಮಾತಿನಿಂದ ಹೆಂಗಸರಿಗೆ ಆದ ಲಾಭ ಮರೆಯೋ ಹಾಗಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಮಾಡಿದಾಗ, ಸಣ್ಣ ಸಣ್ಣ ಭಾಗ ಜೋಡಿಸೋ ಕೆಲಸಕ್ಕೆ ಹೆಂಗಸರು ತುಂಬಾ ಜನ ಸೇರಿದ್ರು. ಅವರ ಅಮ್ಮಂದಿರು ಬೀದೀಲಿ ಹೊರಗಿನ ಗಂಡಸರು ಎದುರಾದ್ರೆ ಸೆರಗು ಎಳ್ಕೊಂಡು ತಲೆ ತಗ್ಗಿಸಿ ಹೋಗ್ತಿದ್ದವರು. ಇವರು ತಲೆ ಎತ್ತಿ “ಗುಡ್ ಮಾರ್ನಿಂಗ್” ಅಂದ್ರು, ಆ ಕಡೆಯಿಂದ “ಗುಡ್ ಮಾರ್ನಿಂಗ್ ಮೇಡಂ” ಅಂತ ವಾಪಸ್ ಬಂತು. ಅಡ್ಡಬಿದ್ದೆ ಅನ್ನೋದು ವಾಪಸ್ ಬರ್ತಿರಲಿಲ್ಲ, ಗುಡ್ ಮಾರ್ನಿಂಗ್ ವಾಪಸ್ ಬರತ್ತೆ. ಅಷ್ಟರ ಮಟ್ಟಿಗೆ ಅದು ಬಸವಣ್ಣನವರ ದಾರಿಯದೇ ಅಂತ ನನಗನ್ನಿಸತ್ತೆ.

ಹಾಗಾದ್ರೆ ಮಗಳ ಕಾರಿಡಾರಿನ ಕಷ್ಟ ಯಾಕೆ ಬಂತು? ಗುಡ್ ಮಾರ್ನಿಂಗ್ ಒಂದೇ ಸಲಕ್ಕೆ ಮುಗಿದುಹೋಗೋ ಸಾಮಾನು. ಬೆಳಿಗ್ಗೆ ಕೊಟ್ಟುಬಿಟ್ರೆ ಹನ್ನೊಂದು ಗಂಟೆಗೆ ಡಬ್ಬ ಖಾಲಿ. ನಮ್ಮತ್ತೆಗೆ ಈ ಕಷ್ಟ ಬರಲೇ ಇಲ್ಲ. ಅದೇ ಹೆಂಗಸು ಬೆಳಿಗ್ಗೆ ಕೊಡ ಹಿಡಿದು ಬರ್ತಿದ್ಲು, ಮಧ್ಯಾಹ್ನ ಹೊಲಕ್ಕೆ ಬುತ್ತಿ ಹೊತ್ತು, ಸಂಜೆ ದನ ಹೊಡ್ಕೊಂಡು. ಪ್ರತಿ ಸಲ ಕೆಲಸ ಬೇರೆ, ಹಾಗಾಗಿ ಮಾತೂ ಬೇರೆ. ಮಗಳ ಆಫೀಸಿನಲ್ಲಿ ಕೆಲಸ ಕಣ್ಣಿಗೇ ಕಾಣಲ್ಲ. ಎಲ್ಲ ಪರದೆ ಒಳಗೆ. “ಏನ್ರೀ, ಪ್ರೋಗ್ರಾಂ ಬರೀತಿದ್ದೀರಾ?” ಅಂದ್ರೆ ಮ್ಯಾನೇಜರ್ ಲೆಕ್ಕ ಕೇಳಿದ ಹಾಗಿರತ್ತೆ. “ದೂರ ಹೊರಟ ಹಾಗಿದೆ?” ಅಂದ್ರೆ, ಪಾಪ, ಬಾತ್‌ರೂಮಿಗೆ ಹೊರಟವರು ಏನು ಹೇಳಬೇಕು? ಅಕ್ಕ, ಅಣ್ಣ ಅನ್ನೋಕೂ ಅಲ್ಲಿ ಆಗಲ್ಲ, ಎಲ್ಲರೂ ಬರೀ ಹೆಸರು. ಮಾತಾಡಿಸೋಕೆ ಹಿಡಿಕೆಯೇ ಇಲ್ಲದ ಹಾಗಾಯ್ತು.

ಉಳಿದಿರೋದು “ಊಟ ಆಯ್ತಾ?” ಒಂದೇ. ಅದು ಟೆಕ್ ಪಾರ್ಕ್ ಒಳಗೂ ಬದುಕಿದೆಯಂತೆ. ಕನ್ನಡ ಬಾರದವರೂ ಮೊದಲು ಕಲಿಯೋ ಮಾತು ಅದೇ, ಮಧ್ಯಾಹ್ನ ನಾಲ್ಕು ಗಂಟೆವರೆಗೂ ನಡೆಯತ್ತೆ ಅಂತ ಮಗಳು ನಗ್ತಾಳೆ.

ಇಲ್ಲಿಗೆ ಮುಗಿಸಿದ್ರೆ ಇದು ಆಫೀಸಿನವರ ಸಣ್ಣ ಸಂಕೋಚದ ಕಥೆ ಆಗ್ತಿತ್ತು. ಆದ್ರೆ ಅದೇ ಮೊಬೈಲ್ ನೋಡೋ ಅಭ್ಯಾಸ ನಮ್ಮ ಬೀದಿಗೂ ಬಂದಿದೆ. ನಮ್ಮ ಬಾಗಿಲಲ್ಲೇ ಎಷ್ಟು ಜನ ಕೆಲಸ ಮಾಡ್ತಿರ್ತಾರೆ ಎಣಿಸಿ ನೋಡಿ. ಕಸ ಗುಡಿಸೋರು, ಕಸದ ಗಾಡಿಯವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಪಾತ್ರೆ ತೊಳೆಯೋಕೆ ಬರೋರು, ಇಸ್ತ್ರಿ ಗಾಡಿಯವರು, ಪಾರ್ಸೆಲ್ ತರೋ ಹುಡುಗ್ರು. ನಾವು ವಾಕಿಂಗ್ ಹೊರಟಾಗ ಎದುರಾಗೋರಿಗೆಲ್ಲ ಗುಡ್ ಮಾರ್ನಿಂಗ್ ಅಂತೀವಿ. ಪೊರಕೆ ಹಿಡಿದವರನ್ನ ಮಾತ್ರ ಲೈಟ್ ಕಂಬ ದಾಟಿದ ಹಾಗೆ ದಾಟ್ತೀವಿ. ಕಾರ್ಖಾನೆ ಗೇಟಿನಲ್ಲಿ ಬಂದ ಸಮಾನತೆ ನಮ್ಮ ಮನೆ ಗೇಟಿನವರೆಗೆ ಬಂದಿಲ್ಲ.

ಕಸ ಗುಡಿಸೋರನ್ನ ಮೊದಲು ಜಾಡಮಾಲಿ ಅಂತಿದ್ರು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ಮಲ ಹೊರೋ ಪದ್ಧತಿ ನಿಲ್ಲಿಸಿದ್ರು. 1976ರಲ್ಲಿ ಐ.ಪಿ.ಡಿ. ಸಾಲಪ್ಪನವರ ಸಮಿತಿ ಈ ಕೆಲಸಗಾರರ ಸ್ಥಿತಿಗತಿ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟಿತು. ಈಗ ಅವರಿಗೆ ಪೌರಕಾರ್ಮಿಕರು ಅನ್ನೋ ಗೌರವದ ಹೆಸರಿದೆ, ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಹೆಸರು ಸರ್ಕಾರ ಕೊಡಬಹುದು. ಆ ಹೆಸರಿಗೆ ತಕ್ಕ ಹಾಗೆ “ಬನ್ನಿ, ಹೋಗಿ” ಅನ್ನಬೇಕಾದವರು ಬೀದಿಯವರೇ.

ನಮ್ಮ ಬೀದೀಲಿ ಒಬ್ಬರು ರಿಟೈರ್ ಆದ ಟೀಚರ್ ಒಬ್ಬರೇ ಇದ್ದಾರೆ, ಮಗ ಹೊರದೇಶದಲ್ಲಿ. ದಿನಾ ಬೆಳಿಗ್ಗೆ ಆರೂವರೆಗೆ ಗಿಡಕ್ಕೆ ನೀರು ಹಾಕ್ತಾರೆ. ಆ ಹೊತ್ತಿಗೆ ಗುಡಿಸೋಕೆ ಬರೋ ಪೌರಕಾರ್ಮಿಕರನ್ನ “ಏನ್ರೀ, ಇವತ್ತು ಎಲೆ ಜಾಸ್ತಿ ಬಿದ್ದಿದೆಯಾ?” ಅಂತ ಮಾತಾಡಿಸ್ತಾರೆ. ಆಕೆ “ಊಂ ಟೀಚರಮ್ಮ, ನೀರು ಹಾಕ್ತಿದ್ದೀರಾ?” ಅಂತಾರೆ. ವರ್ಷಗಟ್ಟಲೆ ಇಷ್ಟೇ ಮಾತು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಗಿಡದ ಬುಡ ಒಣಗಿತ್ತು, ಬಾಗಿಲಿಗೆ ರಂಗೋಲಿ ಇರಲಿಲ್ಲ. ಆಕೆ ಎರಡು ಸಲ ಕೂಗಿದ್ರು, ಪೊರಕೆ ಅಲ್ಲೇ ಬಿಟ್ಟು ಬಂದು ನಮ್ಮ ಗೇಟು ಬಡಿದ್ರು. ಹಿಂದಿನ ಬಾಗಿಲು ತೆಗೆಸಿ ನೋಡಿದ್ರೆ ಟೀಚರ್ ರಾತ್ರಿಯೇ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಏಳೋಕಾಗದೆ ಮಲಗಿದ್ರು. ಆಪರೇಷನ್ ಆಯ್ತು, ಈಗ ಕೋಲು ಹಿಡಿದು ಓಡಾಡ್ತಾರೆ. ಅವತ್ತು ಆ ಮನೆ ಮುಂದೆ ಹಾಲಿನವರು, ಪೇಪರಿನವರು, ವಾಕಿಂಗಿನವರು ಎಲ್ಲರೂ ದಾಟಿದ್ರು. ಟೀಚರ್ ಕಾಣ್ತಿಲ್ಲ ಅನ್ನೋದು ಗೊತ್ತಾದದ್ದು ಅವರನ್ನ ದಿನಾ ಮಾತಾಡಿಸ್ತಿದ್ದವರಿಗೆ ಮಾತ್ರ.

ನಮ್ಮತ್ತೆ ಕಾಲದಲ್ಲಿ ಇದು ಊರಿನ ಹಾಜರಿ ಪುಸ್ತಕ ಇದ್ದ ಹಾಗೆ. “ನೀರಿಗೆ ಹೊಂಟ್ಯಾ?” ಅಂದಾಗ “ಊಂ” ಅನ್ನೋ ದನಿ ಬರದಿದ್ರೆ ಅವತ್ತು ಸಂಜೆಯೊಳಗೆ ಯಾರಾದ್ರೂ ಒಬ್ಬರು ಗಂಜಿ ತಗೊಂಡು ಆ ಮನೆ ಬಾಗಿಲಿಗೆ ಹೋಗಿರ್ತಿದ್ರು. ಈಗ ಉತ್ತರಹಳ್ಳಿಯ ಬಾವಿ, ಹೊಲ ಎಲ್ಲ ಮನೆಗಳಡಿಗೆ ಹೋಗಿವೆ. ಹಳೇ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ ರಾಜ್ಯದಲ್ಲೇ ಅತಿ ದೊಡ್ಡ ಕ್ಷೇತ್ರಗಳಲ್ಲಿ ಒಂದಾಗಿ ಬೆಳೆದು, 2008ರಲ್ಲಿ ಅದನ್ನ ಒಡೆದು ಹಂಚಬೇಕಾಯ್ತು. ಅಷ್ಟು ಜನರ ಮಧ್ಯೆ ಎಲ್ಲರ ಹಾಜರಿ ಯಾರೂ ತಗೊಳ್ಳೋಕಾಗಲ್ಲ ನಿಜ. ದಿನಾ ಕಣ್ಣಿಗೆ ಬೀಳೋ ಹತ್ತು ಜನರದ್ದು ತಗೋಬಹುದು.

ಮಗಳಿಗೂ ಇದನ್ನೇ ಹೇಳಿದೆ. ಮೊದಲ ಸಲ ಗುಡ್ ಮಾರ್ನಿಂಗ್ ಅನ್ನು, ಅದು ಎಲ್ಲರನ್ನೂ ಸಮ ಮಾಡೋ ಒಳ್ಳೇ ಮಾತು. ಎರಡನೇ ಸಲ ಎದುರಾದ್ರೆ ಕಣ್ಣಿಗೆ ಕಾಣೋದನ್ನೇ ಹೇಳು. ಕೈಯಲ್ಲಿ ಲೋಟ ಇದ್ರೆ “ಕಾಫಿ ಆಯ್ತಾ?”, ಕೊಡೆ ಇದ್ರೆ “ಮಳೆ ಬಂತಾ?” ಮೂರನೇ ಸಲಕ್ಕೆ ಹುಬ್ಬು ಹಾರಿಸಿ ನಕ್ಕರೂ ನಡೆಯತ್ತೆ. ನಿಮ್ಮ ಮಹಡಿ ಒರೆಸೋರು, ಗೇಟಲ್ಲಿ ನಿಲ್ಲೋರು ಇರ್ತಾರಲ್ಲ, ಅವರನ್ನೂ ಬಹುವಚನದಲ್ಲೇ ಮಾತಾಡಿಸು. ಅವರ ಕೈ ಖಾಲಿ ಇರಲ್ಲ, ಹಾಗಾಗಿ ನಮಸ್ಕಾರ ಬೇಡ, ಒಂದು ಮಾತು ಸಾಕು.

ಹೋಗಿ ಬರ್ತೀನಿ. ಹೋಗ್ತೀನಿ ಅನ್ನಬಾರದು ಅನ್ನೋದೂ ನಮ್ಮತ್ತೆಯವರದೇ ಪಾಠ.